ಆರ್‌ಎನ್‌ಎ ಬಂಧಕ ಪ್ರೋಟೀನುಗಳು

ಜೀವಕೋಶದಲ್ಲಿ ಆರ್‌ಎನ್‌ಎ ಎಳೆಗಳಿಗೆ ಅಂಟಿಕೊಂಡು ಅವುಗಳ ಸಂಸ್ಕರಣೆ, ಸಾಗಣೆ, ಬಳಕೆ ಮತ್ತು ನಾಶವನ್ನು ನಿಯಂತ್ರಿಸುವ ಪ್ರೋಟೀನುಗಳು. ಮನುಷ್ಯನ ಜೀನೋಮಿನಲ್ಲಿ ಇವುಗಳಿಗೆ ಸಂಬಂಧಿಸಿದ ಸುಮಾರು 1,500 ಜೀನುಗಳಿವೆ.

ಕಾರ್ಯ: ಡಿಎನ್‌ಎಯಿಂದ ನಕಲಾಗಿ ಬರುವ ಸಂದೇಶವಾಹಕ ಆರ್‌ಎನ್‌ಎ (ಎಂ-ಆರ್‌ಎನ್‌ಎ) ಕೋಶದಲ್ಲಿ ಒಂಟಿಯಾಗಿರುವುದಿಲ್ಲ. ಕೋಶಕೇಂದ್ರದಲ್ಲಿ ಕೆಲವು ಪ್ರೋಟೀನುಗಳು ಅದರ ಬೇಡದ ತುಣುಕುಗಳನ್ನು ಕತ್ತರಿಸಲು ನೆರವಾಗುತ್ತವೆ. ಕೆಲವು ಅದನ್ನು ಕೋಶದ್ರವ್ಯಕ್ಕೆ ಸಾಗಿಸುತ್ತವೆ. ಬಾಲದಲ್ಲಿನ ಅಡಿನೈನ್ ಸಾಲನ್ನು ಹಿಡಿದವು ಎಳೆ ಬೇಗ ಸವೆಯದಂತೆ ಕಾಯುತ್ತವೆ. ಆದ್ದರಿಂದ ಯಾವ ಪ್ರೋಟೀನು ಎಷ್ಟು ತಯಾರಾಗಬೇಕೆಂಬುದು ಡಿಎನ್‌ಎ ಮಟ್ಟದಲ್ಲಷ್ಟೇ ತೀರ್ಮಾನವಾಗುವುದಿಲ್ಲ.

ಕೋಶದಲ್ಲಿ ಕಬ್ಬಿಣ ಕಡಿಮೆಯಾದಾಗ ನಡೆಯುವುದು ಇದಕ್ಕೆ ಒಳ್ಳೆಯ ನಿದರ್ಶನ. ಕಬ್ಬಿಣ ಕೂಡಿಡುವ ಫೆರಿಟಿನ್‌ನ ಎಂ-ಆರ್‌ಎನ್‌ಎಯ ಮುಂಭಾಗ ಹೇರ್‌ಪಿನ್ನಿನಂತೆ ಮಡಿಚಿಕೊಂಡಿರುತ್ತದೆ. ಕಬ್ಬಿಣ ನಿಯಂತ್ರಕ ಪ್ರೋಟೀನು ಆ ಮಡಿಕೆಯನ್ನು ಹಿಡಿದರೆ ಪ್ರೋಟೀನು ತಯಾರಿಸುವ ರೈಬೋಸೋಮಿಗೆ ದಾರಿ ಸಿಗದೆ ಫೆರಿಟಿನ್ ತಯಾರಿ ತಗ್ಗುತ್ತದೆ. ಅದೇ ಪ್ರೋಟೀನು, ಕಬ್ಬಿಣವನ್ನು ಕೋಶದೊಳಕ್ಕೆ ತರುವ ಟ್ರಾನ್ಸ್‌ಫೆರಿನ್ ಗ್ರಾಹಕದ ಎಂ-ಆರ್‌ಎನ್‌ಎಯ ಹಿಂಭಾಗಕ್ಕೆ ಅಂಟಿದರೆ ಎಳೆ ನಾಶವಾಗದೆ ಉಳಿದು, ಕೋಶ ಹೊರಗಿನಿಂದ ಹೆಚ್ಚು ಕಬ್ಬಿಣ ಸೆಳೆದುಕೊಳ್ಳುತ್ತದೆ. ಪ್ರೋಟೀನು ಒಂದೇ, ಅಂಟುವ ಜಾಗ ಬೇರೆ, ಫಲವೂ ಬೇರೆ.

ಹೈದರಾಬಾದಿನ ಸಂಶೋಧನೆ: 1977ರಲ್ಲಿ ಆರಂಭವಾದ ಇಲ್ಲಿನ ಕೋಶೀಯ ಮತ್ತು ಆಣ್ವಿಕ ಜೀವವಿಜ್ಞಾನ ಕೇಂದ್ರದಲ್ಲಿ (ಸಿಸಿಎಂಬಿ) ಎಂ. ಕೆ. ರೇ ಮತ್ತು ಸಂಗಡಿಗರು ಅಂಟಾರ್ಕ್ಟಿಕದ ಸ್ಯೂಡೋಮೊನಾಸ್ ಸಿರಿಂಜೆ ಬ್ಯಾಕ್ಟೀರಿಯವನ್ನು ಅಭ್ಯಸಿಸಿದರು. ಚಳಿಯಲ್ಲಿ ಆರ್‌ಎನ್‌ಎ ಮಡಿಕೆಗಳು ಬಿಗಿಯಾಗುವುದರಿಂದ ಅವನ್ನು ಬಿಚ್ಚಿ ಒಡೆಯುವುದು ಕಷ್ಟ. ಈ ಜೀವಿಯಲ್ಲಿ ಆರ್‌ಎನ್‌ಎ ಕತ್ತರಿಸುವ ಆರ್‌ಎನ್‌ಏಸ್-ಇ, ಮಡಿಕೆ ಬಿಚ್ಚುವ ಹೆಲಿಕೇಸ್ ಮತ್ತು ಮಡಿಚಿದ ಆರ್‌ಎನ್‌ಎಯನ್ನೂ ತುದಿಯಿಂದ ಸವೆಸಬಲ್ಲ ಆರ್‌ಎನ್‌ಏಸ್-ಆರ್ ಒಟ್ಟಾಗಿ ಕೆಲಸಮಾಡುತ್ತವೆಂದು ತಂಡ 2005ರಲ್ಲಿ ವರದಿಮಾಡಿತು. ಆರ್‌ಎನ್‌ಏಸ್-ಆರ್ ಜೀನನ್ನು ಕೆಡಿಸಿದರೆ ಬ್ಯಾಕ್ಟೀರಿಯ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಳೆಯದು. ಈ ತಂಡದಲ್ಲಿದ್ದ ಪುರುಷಾರ್ಥ ರಾಜ್ಯಗುರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಯೀಸ್ಟ್‌ನ ಎಸ್‌ಸಿಡಿ6 ಪ್ರೋಟೀನು ಎಂ-ಆರ್‌ಎನ್‌ಎಯ ಬಳಕೆಯನ್ನು ಹೇಗೆ ತಡೆಹಿಡಿಯುತ್ತದೆಂಬ ಅಧ್ಯಯನ ಮುಂದುವರಿಸಿದರು.

ವೈದ್ಯಕೀಯ ಮಹತ್ತ್ವ: ಎಫ್‌ಎಂಆರ್‌ಪಿ ಎಂಬ ಬಂಧಕ ಪ್ರೋಟೀನಿನ ಕೊರತೆಯಿಂದ ಬೌದ್ಧಿಕ ಬೆಳವಣಿಗೆ ಕುಂಠಿತವಾಗುವ ಫ್ರಜೈಲ್-ಎಕ್ಸ್ ಸಹಲಕ್ಷಣ ಉಂಟಾಗುತ್ತದೆ. ಬೆನ್ನುಹುರಿ ಸ್ನಾಯುಕ್ಷಯಕ್ಕೆ 2016ರಲ್ಲಿ ಅಮೆರಿಕದಲ್ಲಿ ಮಂಜೂರಾದ ನ್ಯೂಸಿನರ್ಸೆನ್ ಔಷಧಿ, ಆರ್‌ಎನ್‌ಎಯಲ್ಲಿ ಇಂಥ ಪ್ರೋಟೀನುಗಳು ಅಂಟುವ ಜಾಗವನ್ನೇ ಮುಚ್ಚಿ ಕೆಲಸಮಾಡುತ್ತದೆ.