ಮನೆಯ ಹೆಸರೇ ಮೇಳದ ಹೆಸರಾದ ಕಥೆ

ಐರ್ಲೆಂಡಿನ ವಾಯವ್ಯ ಮೂಲೆಯಲ್ಲಿರುವ ಡೊನೆಗಾಲ್ ಪ್ರಾಂತದ ಲೆಟರ್‌ಕೆನ್ನಿ ಪಟ್ಟಣಕ್ಕೆ ನಾನು ಬಂದದ್ದು 2006ರ ಚಳಿಗಾಲದಲ್ಲಿ, ಇಲ್ಲಿ ವೈದ್ಯವೃತ್ತಿ ಹಿಡಿದ ಪತಿಯ ಜೊತೆಯಲ್ಲಿ. ಬಂದ ಮೊದಲ ವಾರವೇ, ಅಡುಗೆಮನೆಯಲ್ಲಿ ಒಬ್ಬಳೇ ಸಾಮಾನು ಜೋಡಿಸುತ್ತಿದ್ದಾಗ, ರೇಡಿಯೋದ ಉದ್ಘೋಷಕ 'ಕನ್ನಡ' ಎಂದಂತಾಯಿತು. ಕೈಯಲ್ಲಿದ್ದ ಸಾಸಿವೆ ಡಬ್ಬಿಯನ್ನು ಹಾಗೆಯೇ ಹಿಡಿದು ನಿಂತೆ. ಮರುಕ್ಷಣದಲ್ಲಿ ತೇಲಿಬಂದ ಹಾಡು ಮಾತ್ರ ಎಂದೂ ಕೇಳದ ಭಾಷೆಯದು. ಆತ ಹೇಳಿದ್ದು 'ಕ್ಲನಡ್' ಎಂದು ಪಕ್ಕದ ಮನೆಯ ಹಿರಿಯಾಕೆ ಆಮೇಲೆ ತಿಳಿಸಿದರು. ಅದು ಇದೇ ಜಿಲ್ಲೆಯ ಸಂಗೀತ ತಂಡವೊಂದರ ಹೆಸರು. ಎರಡು ಪದಗಳಿಗೂ ಯಾವ ನಂಟೂ ಇಲ್ಲವೆಂಬುದು ಭಾಷಾಶಾಸ್ತ್ರ ಓದದವರಿಗೂ ತಿಳಿದೀತು. ಆದರೂ ಕಿವಿ ಮಾಡಿದ ಆ ತಪ್ಪಿನಿಂದಲೇ ಈ ತಂಡದ ಚರಿತ್ರೆಯನ್ನು ಕೆದಕುವ ಹುಚ್ಚು ನನಗೆ ಹತ್ತಿತು.

ಲೆಟರ್‌ಕೆನ್ನಿಯಿಂದ ಪಶ್ಚಿಮಕ್ಕೆ, 751 ಮೀಟರು ಎತ್ತರದ ಎರಿಗಲ್ ಬೆಟ್ಟವನ್ನು ಬಳಸಿಕೊಂಡು ಸುಮಾರು ಒಂದು ಗಂಟೆ ಸಾಗಿದರೆ ಗ್ವಿಡೋರ್ ಎಂಬ ಕಡಲಂಚಿನ ಸೀಮೆ ಸಿಗುತ್ತದೆ. ಇಂಗ್ಲಿಷಿಗೆ ಮಣಿಯದೆ ಐರಿಷ್ ಭಾಷೆ ಇನ್ನೂ ಮನೆಮಾತಾಗಿ ಉಳಿದಿರುವ ಕೆಲವೇ ನೆಲೆಗಳಲ್ಲಿ ಅದೂ ಒಂದು. ಅಲ್ಲಿ ಲಿಯೋ ಬ್ರೆನನ್ ಎಂಬುವರಿದ್ದರು. ಊರೂರು ಸುತ್ತಿ ನೃತ್ಯಕೂಟಗಳಿಗೆ ವಾದ್ಯ ನುಡಿಸುತ್ತಿದ್ದ ತಂಡವೊಂದರ ನಾಯಕರು ಅವರು. ಪತ್ನಿ ಬಾಬಾ ಸಂಗೀತದ ಶಿಕ್ಷಕಿ. ಅವರಿಗೆ ಒಂಬತ್ತು ಮಕ್ಕಳು. ತಿರುಗಾಟ ಸಾಕೆನಿಸಿದಾಗ ಲಿಯೋ 1968ರಲ್ಲಿ ಊರಲ್ಲೇ ಒಂದು ಪಾನಗೃಹ ತೆರೆದರು. 'ಲಿಯೋಸ್ ಟ್ಯಾವರ್ನ್' ಎಂಬ ಆ ಮನೆಯ ಮೂಲೆಯ ಚಿಕ್ಕ ವೇದಿಕೆಯೇ ಮಕ್ಕಳ ಗರಡಿಯಾಯಿತು. ಬೀಟಲ್ಸರ ಮತ್ತು ಬೀಚ್ ಬಾಯ್ಸ್ ತಂಡದ ಗೀತೆಗಳ ಗುಂಗು ಅವರಿಗೆ ಆಗಲೇ ಹತ್ತಿತ್ತು. ಹಿರಿಯರ ಬಾಯಿಂದ ಬಂದ ಹಳೆಯ ಐರಿಷ್ ಹಾಡುಗಳೂ ಕಂಠಗತವಾಗಿದ್ದವು.

1970ರಲ್ಲಿ ಕೂಡಿದವರು ಐವರು: ಹಿರಿಯ ಮಗಳು ಮೋಯಾ, ತಮ್ಮಂದಿರಾದ ಕಿಯರನ್ ಮತ್ತು ಪೋಲ್, ಮತ್ತು ತಾಯಿಯ ಅವಳಿ ತಮ್ಮಂದಿರಾದ ನೋಯಲ್ ಹಾಗೂ ಪಾಡ್ರಿಗ್ ಡುಗ್ಗನ್. ಇಂಗ್ಲಿಷಿನಲ್ಲಿ ಬರೆದವರೆಲ್ಲ ಈ ಅವಳಿಗಳನ್ನು 'ಅಂಕಲ್' ಎಂಬ ಒಂದೇ ಪದದಲ್ಲಿ ಮುಗಿಸಿಬಿಡುತ್ತಾರೆ. ನಮ್ಮಲ್ಲಿ ಸೋದರಮಾವ ಎಂದೊಡನೆ ಚಿತ್ರ ಸ್ಪಷ್ಟವಾಗುತ್ತದೆ. ಅವರು 1949ರಲ್ಲಿ, ಮೋಯಾ 1952ರಲ್ಲಿ ಹುಟ್ಟಿದವರು. ಮಾವ-ಸೊಸೆಯರ ನಡುವೆ ಮೂರೇ ವರ್ಷ. ಒಟ್ಟಿಗೆ ಆಡಿ, ಜಗಳವಾಡಿ, ಒಂದೇ ಗಿಟಾರಿಗೆ ಕೈಯೊಡ್ಡಿದ ಜೊತೆಗಾರರೆಂದು ಕಲ್ಪಿಸಿಕೊಳ್ಳಲು ನಮಗೇನೂ ಕಷ್ಟವಿಲ್ಲ.

ಹೆಸರು ಬೇಕಾಯಿತು. ಆ ಕಾಲದ ತರುಣರು ಬಾಯಿಗೆ ಬಂದ ಚಮತ್ಕಾರದ ಇಂಗ್ಲಿಷ್ ಹೆಸರುಗಳನ್ನು ತಮ್ಮ ತಂಡಗಳಿಗೆ ಇಡುತ್ತಿದ್ದರು. ಇವರು ಇದ್ದದ್ದನ್ನು ಇದ್ದಂತೆ ಹೇಳಿದರು: 'ಕ್ಲನ್ ಅಸ್ ದೋರ್', ಎಂದರೆ 'ದೋರ್‌ನ ಮಕ್ಕಳು', 'ದೋರ್‌ನ ಮನೆಯವರು'. ದೋರ್ ಎಂಬುದು ಅವರ ಸೀಮೆಯ ಹೆಸರಿನ ಉತ್ತರಾರ್ಧ; ನೀರು ಎಂಬರ್ಥದ ಹಳೆಯ ಪದ. ಕೆಲಕಾಲದಲ್ಲಿ ಆ ಮೂರು ಪದಗಳನ್ನು ಕುಗ್ಗಿಸಿ, ಎರಡನೆಯ ಪದದ ಸ್ವರವನ್ನೂ ಮೂರನೆಯದರ ಮೊದಲಕ್ಷರವನ್ನೂ ಮೊದಲನೆಯದಕ್ಕೆ ಅಂಟಿಸಿ 'ಕ್ಲನಡ್' ಮಾಡಿಕೊಂಡರು. ಹೀಗೆ ಮನೆತನವೂ ಊರೂ ಒಂದೇ ಪದದೊಳಗೆ ಅಡಗಿ ಕುಳಿತವು.

ಇದನ್ನು ತಿಳಿದಾಗ ನನಗೆ ನೆನಪಾದದ್ದು ನಮ್ಮ ಹೊನ್ನಾವರ ಸೀಮೆಯ ಕೆರೆಮನೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದಲ್ಲಿ ಮಗ ಶಂಭು ಹೆಗಡೆ, ಮೊಮ್ಮಗ ಶಿವಾನಂದ ಹೆಗಡೆ ತಲೆಮಾರು ತಲೆಮಾರಾಗಿ ಗೆಜ್ಜೆ ಕಟ್ಟಿದರು. ಜನ ಅದನ್ನು 'ಕೆರೆಮನೆ ಮೇಳ' ಎಂದೇ ಕರೆದರು. ಅಲ್ಲಿಯೂ ನೀರು, ಅಲ್ಲಿಯೂ ಮನೆ! ಯಕ್ಷಗಾನವನ್ನೂ ರಾಕ್ ಸಂಗೀತವನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದಕ್ಕೆ ಕರಾವಳಿಯ ಬಂಧುಗಳು ಕ್ಷಮಿಸಬೇಕು.

ಎಪ್ಪತ್ತರ ದಶಕದ ಆರಂಭದಲ್ಲಿ ಈ ಐವರು ನಮ್ಮ ಲೆಟರ್‌ಕೆನ್ನಿಯ ಜಾನಪದ ಉತ್ಸವದ ಸ್ಪರ್ಧೆಗೆ ಬಂದು ಗೆದ್ದರು. ಆ ಗೆಲುವಿನಿಂದಲೇ ಫಿಲಿಪ್ಸ್ ಸಂಸ್ಥೆಯ ಧ್ವನಿಮುದ್ರಣದ ಬಾಗಿಲು ತೆರೆಯಿತು; 1973ರಲ್ಲಿ ಮೊದಲ ಧ್ವನಿಮುದ್ರಿಕೆ ಹೊರಬಂದಿತು. ಐರಿಷ್ ಹಾಡಿಗೆ ಮಾರುಕಟ್ಟೆಯಿಲ್ಲವೆಂಬುದು ಆಗ ಸರ್ವೇಸಾಮಾನ್ಯವಾದ ಮಾತು. ಅದು ಬಡತನದ, ಹಳ್ಳಿಯ, ವಲಸೆ ಹೋಗುವವರ ಭಾಷೆಯೆಂದು ಐರಿಷ್ ಜನರಲ್ಲೇ ಹಲವರು ಮುಜುಗರಪಡುತ್ತಿದ್ದರು. ಜರ್ಮನಿಯಲ್ಲಿ ಶ್ರೋತೃಗಳು ಒಂದು ಪದವೂ ಅರ್ಥವಾಗದಿದ್ದರೂ ಇವರ ಹಾಡಿಗೆ ಕಿವಿಗೊಟ್ಟರು. ಸಂಗೀತವನ್ನೇ ವೃತ್ತಿಯಾಗಿ ಹಿಡಿಯುವ ಧೈರ್ಯ ಇವರಿಗೆ ಬಂದದ್ದು ಆ ಪ್ರವಾಸದ ನಂತರ. 1980ರಲ್ಲಿ ಸೇರಿ ಎರಡು ವರ್ಷದಲ್ಲಿ ಬಿಟ್ಟುಹೋದ ತಂಗಿ ಎನ್ಯಾಳ ಪ್ರಸಿದ್ಧಿಯನ್ನು ನಾನು ಹೇಳಬೇಕಾದ್ದಿಲ್ಲ.

ತಿರುವು ಬಂದದ್ದು 1982ರಲ್ಲಿ. ಉತ್ತರ ಐರ್ಲೆಂಡಿನ ರಕ್ತಪಾತವನ್ನು ಕುರಿತ 'ಹ್ಯಾರೀಸ್ ಗೇಮ್' ಎಂಬ ದೂರದರ್ಶನ ಧಾರಾವಾಹಿಗೆ ಇವರು ರಚಿಸಿದ ಶೀರ್ಷಿಕೆ ಗೀತೆ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 5ನೆಯ ಸ್ಥಾನಕ್ಕೇರಿತು. ಅದು ಪೂರ್ತಿ ಐರಿಷ್ ಭಾಷೆಯ ಹಾಡು. ಅದೇ ವರ್ಷ ನಮ್ಮಲ್ಲಿ ಗೋಕಾಕ್ ಚಳವಳಿ, ಡಾ. ರಾಜ್‌ಕುಮಾರ್ ಬೀದಿಗಿಳಿದಿದ್ದರು. ನಾನಾಗ ಹೊಳೆನರಸೀಪುರದಲ್ಲಿ ಆರನೆಯ ತರಗತಿ. ಶಾಲೆಗೆ ರಜೆ ಸಿಕ್ಕಿತೆಂದು ಸಂಭ್ರಮಿಸಿದ್ದು ಬಿಟ್ಟರೆ ಬೇರೇನೂ ನೆನಪಿಲ್ಲ.

ಆಮೇಲೆ ವಿದ್ಯುತ್ ಗಿಟಾರು, ಡ್ರಮ್ಮುಗಳು ಬಂದು ತಂಡ ರಾಕ್ ಸಂಗೀತದ ಕಡೆಗೆ ವಾಲಿತು. 'ಪ್ರತಿಧ್ವನಿ' ಎಂಬರ್ಥದ ಹೆಸರಿನ 1985ರ ಧ್ವನಿಮುದ್ರಿಕೆಯಲ್ಲಿ ಯು2 ತಂಡದ ಬೋನೋ ಮೋಯಾ ಅವರೊಂದಿಗೆ ಹಾಡಿದರು. ಜಾನಪದ ಕೆಟ್ಟಿತೆಂದು ಕೊರಗುವವರು ಎಲ್ಲ ನಾಡಿನಲ್ಲೂ ಇರುತ್ತಾರೆ. ಶಿಶುನಾಳ ಷರೀಫರ ಪದಗಳನ್ನು ಮೈಸೂರಿನ ರಘು ದೀಕ್ಷಿತ್ ಗಿಟಾರಿಗೆ ಹೊಂದಿಸಿದಾಗ ನನಗೂ ಮೊದಲು ಹಾಗೆಯೇ ಅನಿಸಿತ್ತು. 2011ರಲ್ಲಿ ಅವರು ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿದರೆಂದು ತಿಳಿದಾಗ ನನ್ನ ಕೊರಗನ್ನು ಸದ್ದಿಲ್ಲದೆ ಹಿಂದಕ್ಕೆ ಪಡೆದೆ.

ಹೋಲಿಕೆಯನ್ನು ಅತಿಯಾಗಿ ಎಳೆಯಬಾರದೆಂಬುದು ನನಗೆ ಗೊತ್ತು. 2011ರ ಜನಗಣತಿಯಂತೆ ಕನ್ನಡ ಮಾತೃಭಾಷೆಯವರು 4 ಕೋಟಿ 37 ಲಕ್ಷ. ಐರ್ಲೆಂಡಿನ 2022ರ ಗಣತಿಯಂತೆ ಶಾಲೆಯ ಹೊರಗೆ ಪ್ರತಿದಿನ ಐರಿಷ್ ಮಾತನಾಡುವವರು 71,968. ಆದರೆ ನನ್ನ ಮನೆಯ ಗಣತಿಯೇ ಬೇರೆ. ಅಲ್ಲಿ ಕನ್ನಡಿಗರು ಇಬ್ಬರು, ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವವನು ಒಬ್ಬ.

ಆ ಒಬ್ಬನಿಗೆ ಈಗ ಹದಿನಾರು. ಕಳೆದ ವರ್ಷ ಮೂವರು ಸ್ನೇಹಿತರನ್ನು ಕೂಡಿಕೊಂಡು ನಮ್ಮ ಗ್ಯಾರೇಜಿನಲ್ಲಿ ರಾಕ್ ತಂಡ ಕಟ್ಟಿದ್ದಾನೆ. ಅಕ್ಕಿಮೂಟೆಯ ಪಕ್ಕದಲ್ಲೇ ಡ್ರಮ್ಮು. ಒಂದು ಭಾನುವಾರ ನಾಲ್ವರನ್ನೂ ಕಾರಿನಲ್ಲಿ ಕೂರಿಸಿಕೊಂಡು ಲಿಯೋಸ್ ಟ್ಯಾವರ್ನಿಗೆ ಹೋದೆವು. ಗ್ವಿಡೋರ್ ಸೀಮೆಯೊಳಗೆ ಹೊಕ್ಕೊಡನೆ ರಸ್ತೆಯ ಫಲಕಗಳಲ್ಲಿ ಇಂಗ್ಲಿಷ್ ಮಾಯವಾಗುತ್ತದೆ. ಶಾಲೆಯಲ್ಲಿ ಐರಿಷ್ ಕಲಿತ ಮಗ ಒಂದೊಂದನ್ನೂ ಓದಿ ನನಗೆ ಅರ್ಥ ಹೇಳುತ್ತ ಬಂದ. "ಕ್ಲನ್ ಅಂದ್ರೆ ಮಕ್ಕಳು ಅಮ್ಮ," ಎಂದ, ನನಗೆ ಗೊತ್ತಿಲ್ಲವೆಂದು ಭಾವಿಸಿ. ಹೆಮ್ಮೆಯೂ ಆಯಿತು, ಹೊಟ್ಟೆಯೊಳಗೆ ಏನೋ ಕಿವುಚಿದಂತೆಯೂ ಆಯಿತು. ನಾಲ್ಕು ದಿಕ್ಕಿಗೂ ಹೊರಳುವ ಈ ಬರಹವನ್ನು ಓದುವ ಹುಡುಗ, ಅಜ್ಜಿ ಬರೆದ ಕನ್ನಡದ ಕಾಗದವನ್ನು ನನ್ನ ಕೈಗೆ ಕೊಡುತ್ತಾನೆ, ಓದಿಹೇಳೆಂದು. ತಪ್ಪು ಅವನದಲ್ಲ. ಅಕ್ಷರ ತಿದ್ದಿಸುವ ವಯಸ್ಸಿನಲ್ಲಿ 'ಮುಂದೆ ಕಲಿಸಿದರಾಯಿತು' ಎಂದು ಮುಂದೂಡಿದವಳು ನಾನೇ.

ಗೋಡೆಯ ತುಂಬ ತೂಗುಹಾಕಿದ ಧ್ವನಿಮುದ್ರಿಕೆ, ಛಾಯಾಚಿತ್ರಗಳನ್ನು ನೋಡಿ ಊಟಕ್ಕೆ ಕುಳಿತಾಗ ದೋರ್ ಎಂದರೆ ನೀರೆಂದು ಹೇಳಿದೆ. "ನಿನ್ನ ಊರಿನ ಹೆಸರಿಗೆ ಏನರ್ಥ?" ಎಂದು ಮಗನೇ ಕೇಳಿದ, ಅದೂ ಕನ್ನಡದಲ್ಲಿ. ಕಾಗದದ ಕರವಸ್ತ್ರದ ಮೇಲೆ 'ಹೊಳೆ' ಎಂದು ದೊಡ್ಡದಾಗಿ ಬರೆದು ತೋರಿಸಿದೆ. ನಾಲ್ವರೂ ಸರದಿಯಂತೆ ಉಚ್ಚರಿಸಿದರು. ಮೂವರು ಐರಿಷ್ ಹುಡುಗರ ನಾಲಿಗೆ 'ಳ'ಕಾರಕ್ಕೆ ಹೊರಳಲೊಲ್ಲದು. ನನ್ನ ಮಗನದು ಎರಡನೆಯ ಸಲಕ್ಕೆ ಹೊರಳಿತು. ಅವರ ತಂಡಕ್ಕೆ ಇನ್ನೂ ಹೆಸರಿಟ್ಟಿಲ್ಲ. ಆ ಕರವಸ್ತ್ರ ಮಾತ್ರ ಗ್ಯಾರೇಜಿನ ಗೋಡೆಯ ಮೇಲೆ, ಅಂಟುಪಟ್ಟಿಯಲ್ಲಿ ಸಿಕ್ಕಿಕೊಂಡು, ತುಸು ತಲೆಕೆಳಗಾಗಿ ನಿಂತಿದೆ.