ಗೌರಿ ಹೂವಿನ ವಿಷ ಮತ್ತು ಅಡ್ರಿನಲ್ ಗ್ರಂಥಿ

ಮಳೆಗಾಲದಲ್ಲಿ ಮಲೆನಾಡಿನ ಬೇಲಿಗಳ ಮೇಲೆ ಬೆಂಕಿಯ ನಾಲಗೆಗಳಂತೆ ಅರಳುವ ಗೌರಿ ಹೂವನ್ನು ನಿಮ್ಮಲ್ಲಿ ಅನೇಕರು ಕಂಡಿರಬಹುದು. ಅಗ್ನಿಶಿಖೆ ಎಂಬುದು ಇದರ ಇನ್ನೊಂದು ಹೆಸರು. ಹೂವು ಪೂಜೆಗೆ ಸಲ್ಲುತ್ತದೆ. ಗೆಡ್ಡೆ ಮಾತ್ರ ಪ್ರಾಣಾಂತಕ ವಿಷ. ಆ ವಿಷದ ಹೆಸರು ಕಾಲ್ಚಿಸಿನ್. ಯೂರೋಪಿನ ಕಾಲ್ಚಿಕಮ್ ಗಿಡದಲ್ಲೂ ಇರುವ ಇದನ್ನು 1820ರಲ್ಲಿ ಫ್ರಾನ್ಸಿನ ಪೆಲ್ತಿಯೆ ಮತ್ತು ಕವಾಂತು ಬೇರ್ಪಡಿಸಿದರು. ಅತ್ಯಲ್ಪ ಪ್ರಮಾಣದಲ್ಲಿ ಇದು ಗೌಟ್ ಎಂಬ ಕೀಲುರೋಗಕ್ಕೆ ಮದ್ದು.

ಈ ವಿಷ ಎರಗುವುದು ಎಲ್ಲಿಗೆ? ಜೀವಕೋಶವೆಂದರೆ ಬರಿಯ ರಸ ತುಂಬಿದ ಚೀಲವಲ್ಲ. ಅದರೊಳಗೆ ಪ್ರೋಟೀನಿನ ಎಳೆಗಳೂ ಸೂಕ್ಷ್ಮ ನಳಿಕೆಗಳೂ ಸೇರಿದ ಒಂದು ಹಂದರವಿದೆ. ಇದೇ ಸೈಟೋಸ್ಕೆಲಿಟನ್. 1967ರಲ್ಲಿ ಷಿಕಾಗೋದ ಬೋರಿಸಿ ಮತ್ತು ಟೇಲರ್, ಕಾಲ್ಚಿಸಿನ್ ಅಂಟಿಕೊಳ್ಳುವುದು ಈ ನಳಿಕೆಗಳ ಪ್ರೋಟೀನಿಗೇ ಎಂದು ತೋರಿಸಿದರು. ಆ ಪ್ರೋಟೀನಿಗೆ ಮುಂದೆ ಟ್ಯೂಬುಲಿನ್ ಎಂಬ ಹೆಸರು ಬಂತು. ಕಾಲ್ಚಿಸಿನ್ ಅಂಟಿದರೆ ನಳಿಕೆ ಕಟ್ಟಿಕೊಳ್ಳುವುದಿಲ್ಲ. ಹೀಗೆ ವಿಷವೇ ವಿಜ್ಞಾನಿಗಳ ಉಪಕರಣವಾಯಿತು: ನಳಿಕೆ ಕೆಡಿಸಿ, ಯಾವ ಕೆಲಸ ನಿಲ್ಲುವುದೆಂದು ನೋಡಬಹುದು.

1970ರಲ್ಲಿ ಅಮೆರಿಕದ ವಿಲಿಯಮ್ಸ್ ಮತ್ತು ವುಲ್ಫ್ ಥೈರಾಯ್ಡ್ ಗ್ರಂಥಿಗೆ ಕಾಲ್ಚಿಸಿನ್ ಕೊಟ್ಟಾಗ ಹಾರ್ಮೋನಿನ ಸ್ರವಿಕೆ ಕುಗ್ಗಿತು. 1973ರಲ್ಲಿ ಟೆಂಪಲ್ ಮತ್ತು ಅದೇ ವುಲ್ಫ್ ಇಲಿಯ ಅಡ್ರಿನಲ್ ಗಡ್ಡೆಯ ಕೋಶಗಳನ್ನು ಪರೀಕ್ಷಿಸಿದರು. ಹಿಂದಿನ ತರ್ಕದಂತೆ ಇಲ್ಲಿಯೂ ಸ್ರವಿಕೆ ಕುಗ್ಗಬೇಕಿತ್ತು. ಆದರೆ ಸ್ಟೀರಾಯ್ಡ್ ಹಾರ್ಮೋನು ಹೆಚ್ಚಾಗಿ ಹೊರಬಂತು!

ಕಾರಣವೇನು? ನಮ್ಮ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗೆ ಎರಡು ಭಾಗಗಳು. ಒಳಭಾಗದ ಕೋಶಗಳು ಅಡ್ರಿನಲಿನ್ ಅನ್ನು ಪುಟ್ಟ ಕೋಶಿಕೆಗಳಲ್ಲಿ ಕೂಡಿಡುತ್ತವೆ. ಕೋಶದ ಅಂಚಿನಲ್ಲಿ ಆಕ್ಟಿನ್ ಎಳೆಗಳ ಬಲೆ ಕಾವಲಿರುತ್ತದೆ. ನರದ ಸಂಕೇತ ಬಂದೊಡನೆ ಬಲೆ ಸಡಿಲಗೊಂಡು ಕೋಶಿಕೆಗಳಿಗೆ ದಾರಿ ಬಿಡುತ್ತದೆ. ಹೊರಭಾಗವಾದರೋ ಕಾರ್ಟಿಸಾಲ್‌ನಂತಹ ಸ್ಟೀರಾಯ್ಡುಗಳನ್ನು ಕೂಡಿಡುವುದೇ ಇಲ್ಲ. ಬೇಕಾದಾಗ ಕೊಲೆಸ್ಟರಾಲಿನಿಂದ ತಯಾರಿಸುತ್ತದೆ. ಮೊದಲ ಹಂತ ನಡೆಯುವುದು ಮೈಟೊಕಾಂಡ್ರಿಯದಲ್ಲಿ. ಆದುದರಿಂದ ಇಲ್ಲಿ ಹಂದರದ ಪ್ರಭಾವ ಹೊರದಾರಿಯ ಮೇಲಲ್ಲ, ಕಚ್ಚಾವಸ್ತುವಿನ ಸಾಗಣೆಯ ಮೇಲೆ. ನಳಿಕೆಗಳು ಕೆಟ್ಟಾಗ ಕೊಲೆಸ್ಟರಾಲ್ ಮೈಟೊಕಾಂಡ್ರಿಯಕ್ಕೆ ಸುಲಭವಾಗಿ ತಲುಪಿರಬೇಕು ಎಂಬ ವಿವರಣೆ ಬಂತು.

ಈ ಚರಿತ್ರೆಯಲ್ಲಿ ಭಾರತೀಯರ ಪಾಲೂ ಇದೆ. ಟ್ಯೂಬುಲಿನ್‌ಗೆ ಅಂಟಿದ ಕಾಲ್ಚಿಸಿನ್ ಬೆಳಕು ಸೂಸುತ್ತದೆಂದು 1974ರಲ್ಲಿ ವುಲ್ಫ್ ಜೊತೆ ತೋರಿಸಿದವರು ಭಬತಾರಕ್ ಭಟ್ಟಾಚಾರ್ಯ. ಮುಂದೆ ಕೊಲ್ಕತ್ತದ ಬೋಸ್ ಸಂಸ್ಥೆಯಲ್ಲಿ ಅವರು ಈ ಸಂಶೋಧನೆಯನ್ನು ಬೆಳೆಸಿದರು.

ಇಲಿಯ ಗಡ್ಡೆಯಲ್ಲಿ ಕಂಡದ್ದು ಮನುಷ್ಯನ ಗ್ರಂಥಿಗೂ ಹಾಗೆಯೇ ಅನ್ವಯಿಸುತ್ತದೆಂದು ತಿಳಿಯಬಾರದು. ಥೈರಾಯ್ಡಿನ ಪಾಠ ಅಡ್ರಿನಲ್‌ಗೆ ಹೊಂದಲಿಲ್ಲವೆಂಬುದನ್ನು ನೆನೆದರೆ ಸಾಕು. ಪ್ರತಿಯೊಂದು ಬಗೆಯ ಕೋಶವನ್ನೂ ಬೇರೆಯಾಗಿಯೇ ಪ್ರಶ್ನಿಸಬೇಕು.