ಇಲ್ಲದ ಆಫೀಸಿನ ಡೈರೆಕ್ಟರ್: ಸ್ಪೈ ಸ್ಯಾಟಲೈಟ್‌ಗಳ ಲೆಕ್ಕ ಕೇಳೋರು ಯಾರು?

ಇವತ್ತು ಒಂದು ಸರ್ಕಾರಿ ಕುರ್ಚಿಯ ಕಥೆ. ಅಮೆರಿಕದ ಬೇಹುಗಾರಿಕೆ ಉಪಗ್ರಹಗಳನ್ನೆಲ್ಲ ನೋಡಿಕೊಳ್ಳುವ ಕುರ್ಚಿ. ಆಫೀಸಿನ ಹೆಸರು ನ್ಯಾಷನಲ್ ರಿಕಾನಸೆನ್ಸ್ ಆಫೀಸ್, ಚಿಕ್ಕದಾಗಿ ಎನ್‌ಆರ್‌ಒ. ಶುರುವಾಗಿದ್ದು 1961ರ ಸೆಪ್ಟೆಂಬರ್‌ನಲ್ಲಿ. ಅಂಥದ್ದೊಂದು ಆಫೀಸು ಇದೆ ಅಂತ ಸರ್ಕಾರ ಬಾಯಿಬಿಟ್ಟಿದ್ದು 1992ರ ಸೆಪ್ಟೆಂಬರ್‌ನಲ್ಲಿ. ಅಂದ್ರೆ 31 ವರ್ಷ ಸರ್ಕಾರ ಅದನ್ನ ಅಧಿಕೃತವಾಗಿ ಒಪ್ಪಿಕೊಳ್ಳಲೇ ಇಲ್ಲ.

ಹಾಗಾದ್ರೆ ಅದರ ಡೈರೆಕ್ಟರ್ ಹೊರಗಡೆ ಏನಂತ ಹೇಳ್ಕೊಳ್ತಿದ್ರು? ಮೊದಲ ಡೈರೆಕ್ಟರ್ ಜೋಸೆಫ್ ಚಾರಿಕ್ ಅವರನ್ನೇ ನೋಡಿ. ಕೆನಡಾದಲ್ಲಿ ಹುಟ್ಟಿದ ಎಂಜಿನಿಯರ್. ಲೋಕಕ್ಕೆ ಅವರು ಏರ್‌ಫೋರ್ಸ್‌ನ ಅಂಡರ್ ಸೆಕ್ರೆಟರಿ. ನಮ್ಮ ವಿಧಾನಸೌಧದ ಅಂಡರ್ ಸೆಕ್ರೆಟರಿ ಥರ ಅಂದುಕೊಳ್ಳಬೇಡಿ, ಅಲ್ಲಿ ಅದು ವಾಯುಪಡೆಯ ಸಿವಿಲಿಯನ್ ಆಡಳಿತದಲ್ಲಿ ಎರಡನೇ ಸ್ಥಾನ. ಅದೇ ಹುದ್ದೆಯ ಮರೆಯಲ್ಲಿ ಈ ಇನ್ನೊಂದು ಕೆಲಸ. ಆರಂಭದಲ್ಲಿ ಸಿಐಎಯ ರಿಚರ್ಡ್ ಬಿಸೆಲ್ ಕೂಡ ಜೊತೆಗಿದ್ದರು. 1962ರ ಆರಂಭದಲ್ಲಿ ಬಿಸೆಲ್ ಹೊರಟ ಮೇಲೆ ಚಾರಿಕ್ ಒಬ್ಬರೇ ಉಳಿದರು.

ಇಷ್ಟೊಂದು ಗುಟ್ಟು ಯಾಕೆ ಬೇಕಿತ್ತು? ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿತು. ರಷ್ಯಾದ ಹತ್ರ ಕ್ಷಿಪಣಿಗಳು ರಾಶಿ ಬೀಳ್ತಿವೆ, ನಾವು ಹಿಂದೆ ಬಿದ್ದಿದ್ದೀವಿ ಅನ್ನೋ ಭಯ ಅಮೆರಿಕದಲ್ಲಿ ಹಬ್ಬಿತು. 'ಮಿಸೈಲ್ ಗ್ಯಾಪ್' ಅನ್ನೋ ಮಾತು 1960ರ ಚುನಾವಣೆಯಲ್ಲಿ ಕೆನಡಿಗೆ ದೊಡ್ಡ ವಿಷಯವೇ ಆಯ್ತು. ನಿಜಕ್ಕೂ ಎಷ್ಟಿವೆ ಅಂತ ಎಣಿಸೋಕೆ ಇದ್ದಿದ್ದು ಯು-2 ಬೇಹುಗಾರಿಕೆ ವಿಮಾನ. ಅದನ್ನೂ 1960ರ ಮೇ 1ರಂದು ಸೋವಿಯತ್ ಪಡೆ ಹೊಡೆದು ಉರುಳಿಸಿತು. ಪೈಲಟ್ ಗ್ಯಾರಿ ಪವರ್ಸ್ ಜೀವಂತ ಸಿಕ್ಕಿಬಿದ್ದರು.

ಅಷ್ಟರಲ್ಲಿ ಬಿಸೆಲ್ ನೋಡಿಕೊಳ್ತಿದ್ದ ಇನ್ನೊಂದು ಯೋಜನೆ ನಡೀತಿತ್ತು. ಹೆಸರು ಕರೋನಾ. ಹೌದು, ಅದೇ ಹೆಸರು! ಜನಕ್ಕೆ ಹೇಳಿದ್ದು ಮಾತ್ರ ಡಿಸ್ಕವರರ್, ವಿಜ್ಞಾನದ ಪ್ರಯೋಗ ಅಂತ. ಕಥೆ ನಂಬಿಸೋಕೆ ಒಂದು ಸಲ ರಾಕೆಟ್‌ನಲ್ಲಿ ಇಲಿಗಳನ್ನೂ ಕೂರಿಸಿದ್ದರು. ಅಸಲಿಗೆ ಒಳಗೆ ಇರಬೇಕಾಗಿದ್ದು ಕ್ಯಾಮೆರಾ. ಆಗ ಡಿಜಿಟಲ್ ಇಲ್ವಲ್ಲ, ಫೋಟೊ ತೆಗೆದ ಫಿಲ್ಮ್ ರೋಲನ್ನೇ ಒಂದು ಡಬ್ಬಿಯಲ್ಲಿ ಭೂಮಿಗೆ ಇಳಿಸಬೇಕು. ಪ್ಯಾರಾಚೂಟ್‌ನಲ್ಲಿ ತೇಲಿ ಬರೋ ಡಬ್ಬಿಯನ್ನು ವಿಮಾನವೊಂದು ಕೊಕ್ಕೆ ಹಾಕಿ ಆಕಾಶದಲ್ಲೇ ಹಿಡಿಯಬೇಕು.

ಸತತ 12 ಪ್ರಯತ್ನ ಫೇಲ್. 13ನೇದು ಡಬ್ಬಿ ವಾಪಸ್ ಬಂತು, ಆದ್ರೆ ಅದರಲ್ಲಿ ಫಿಲ್ಮ್ ಇರಲಿಲ್ಲ. 14ನೇದು, 1960ರ ಆಗಸ್ಟ್‌ನಲ್ಲಿ, ಕೆಲಸ ಮಾಡಿತು. ಸುಮಾರು 9 ಕೆ.ಜಿ. ಫಿಲ್ಮ್. ಅದರಲ್ಲಿ ಸೆರೆಯಾದ ಸೋವಿಯತ್ ನೆಲ 40 ಲಕ್ಷ ಚದರ ಕಿ.ಮೀ.ಗೂ ಹೆಚ್ಚು, ಇಡೀ ಭಾರತಕ್ಕಿಂತ ದೊಡ್ಡದು. ನಾಲ್ಕು ವರ್ಷ ಯು-2 ಹಾರಾಡಿ ತೋರಿಸಿದ್ದಕ್ಕಿಂತ ಜಾಸ್ತಿ, ಒಂದೇ ಸಲಕ್ಕೆ!

ಈಗ ಲೆಕ್ಕ ನೋಡಿ. ನೂರಾರು ಕ್ಷಿಪಣಿ ಇರಬಹುದು ಅಂತ ಅಂದಾಜು ಮಾಡ್ತಿದ್ದವರು, ಈ ಫೋಟೊಗಳೆಲ್ಲ ಸೇರಿದ ಮೇಲೆ, 1961ರ ಸೆಪ್ಟೆಂಬರ್‌ನಲ್ಲಿ ಖಂಡಾಂತರ ಕ್ಷಿಪಣಿಗಳ ಲಾಂಚರ್‌ಗಳ ಸಂಖ್ಯೆಯನ್ನ 10ರಿಂದ 25ಕ್ಕೆ ಇಳಿಸಿದರು. ಗ್ಯಾಪ್ ಇತ್ತು, ಆದ್ರೆ ಹಿಂದೆ ಬಿದ್ದಿದ್ದು ರಷ್ಯಾ! ಭಯದಲ್ಲಿ ನಿರ್ಧಾರ ತಗೊಳ್ಳೋದಕ್ಕೂ ಎಣಿಸಿ ನಿರ್ಧಾರ ತಗೊಳ್ಳೋದಕ್ಕೂ ಇರೋ ವ್ಯತ್ಯಾಸ ಇದು. ಇಬ್ಬರ ಕೈಯಲ್ಲೂ ಅಣುಬಾಂಬ್ ಇದ್ದಾಗ ಆ ವ್ಯತ್ಯಾಸ ಸಣ್ಣದಲ್ಲ.

ಅದೇ ತಿಂಗಳು ಎನ್‌ಆರ್‌ಒ ಹುಟ್ಟಿತು. ಸಿಐಎ ಮತ್ತು ಏರ್‌ಫೋರ್ಸ್ ಎರಡರ ಉಪಗ್ರಹಗಳನ್ನೂ ಒಂದೇ ಸೂರಿನಡಿ ತರೋದು ಉದ್ದೇಶ. ಡೈರೆಕ್ಟರ್‌ಗೆ ರಷ್ಯಾ ಜೊತೆಗಿನ ಪೈಪೋಟಿ ಒಂದು ಕಡೆಯಾದ್ರೆ, ಈ ಇಬ್ಬರ ಜಗಳ ಬಿಡಿಸೋದು ಇನ್ನೊಂದು ಕಡೆ. ಚಾರಿಕ್ 1963ರಲ್ಲಿ ಹುದ್ದೆ ಬಿಟ್ಟರು. ಮುಂದೆ ಬಂದ ಬ್ರಾಕ್‌ವೇ ಮೆಕ್‌ಮಿಲನ್ ಕಾಲದಲ್ಲಿ ಸಿಐಎ ಜೊತೆಗಿನ ತಿಕ್ಕಾಟ ಇನ್ನೂ ಜೋರಾಯ್ತು.

ನಾನು ಓದಿದ್ದು ಬಿಕಾಂ. ಹಾಗಾಗಿ ನನ್ನ ಕಣ್ಣು ಹೋಗೋದು ದುಡ್ಡಿನ ಕಡೆ. 12 ಸಲ ಫೇಲ್ ಆದ್ರೂ ಯೋಜನೆ ನಿಲ್ಲಲಿಲ್ಲ ಯಾಕೆ? ಅಧ್ಯಕ್ಷ ಐಸೆನ್‌ಹೋವರ್ ಬೆಂಬಲ ಇತ್ತು, ಸರಿ. ಜೊತೆಗೆ 1949ರ ಸಿಐಎ ಕಾಯ್ದೆ ಇತ್ತು. ಗುಪ್ತ ಖರ್ಚಿಗೆ ಸಿಐಎ ಡೈರೆಕ್ಟರ್ ಕೊಡೋ ಸರ್ಟಿಫಿಕೇಟ್ ಒಂದೇ ಸಾಕು, ಅದೇ ವೋಚರ್. ಬಿಲ್ಲು, ರಸೀದಿ ಕೇಳೋ ಹಾಗಿಲ್ಲ. ಕೆಲಸ ಬೇಗ ಆಗೋಕೆ ಅದು ದೊಡ್ಡ ಅನುಕೂಲ.

ಆದ್ರೆ ಅನುಕೂಲ ಅಭ್ಯಾಸವಾದ್ರೆ? 1994ರಲ್ಲಿ ಅಮೆರಿಕದ ಸೆನೆಟರ್‌ಗಳಿಗೆ ಒಂದು ಶಾಕ್ ಕಾದಿತ್ತು. ವರ್ಜೀನಿಯಾದ ಶಾಂಟಿಲಿಯಲ್ಲಿ ಎನ್‌ಆರ್‌ಒ ತನ್ನ ಹೆಡ್‌ಕ್ವಾರ್ಟರ್ಸ್ ಕಟ್ಟಿಸ್ತಿತ್ತು, ಖಾಸಗಿ ಕಂಪನಿಯ ಕಟ್ಟಡ ಅನ್ನೋ ಸೋಗಿನಲ್ಲಿ. ಖರ್ಚು 30 ಕೋಟಿ ಡಾಲರ್‌ಗೂ ಹೆಚ್ಚು. ಒಟ್ಟು ಮೊತ್ತ ನಮಗೆ ಸರಿಯಾಗಿ ತೋರಿಸಲೇ ಇಲ್ಲ ಅಂತ ಸೆನೆಟರ್‌ಗಳು ಸಿಟ್ಟಾದರು. ಮರುವರ್ಷ ಇನ್ನೊಂದು ಸುದ್ದಿ: ಖರ್ಚಾಗದೆ ಉಳಿದ 100 ಕೋಟಿ ಡಾಲರ್‌ಗೂ ಹೆಚ್ಚು ಹಣ ಎನ್‌ಆರ್‌ಒ ಖಾತೆಗಳಲ್ಲಿ ಗುಡ್ಡೆಯಾಗಿತ್ತು. ಯಾರೋ ಜೇಬಿಗಿಳಿಸಿದ ಕಥೆ ಅಲ್ಲ ಇದು. ಅಷ್ಟು ಹಣ ಕೂತಿದೆ ಅಂತ ಮೇಲಿನವರಿಗೇ ಸರಿಯಾಗಿ ಗೊತ್ತಿರಲಿಲ್ಲ, ಸಮಸ್ಯೆ ಅದು. 1996ರ ಫೆಬ್ರವರಿಯಲ್ಲಿ ಡೈರೆಕ್ಟರ್ ಜೆಫ್ರಿ ಹ್ಯಾರಿಸ್ ಮತ್ತು ಡೆಪ್ಯೂಟಿ ಜಿಮ್ಮಿ ಹಿಲ್ ಇಬ್ಬರನ್ನೂ ಹುದ್ದೆಯಿಂದ ಇಳಿಸಿದರು.

ರಷ್ಯಾದ ಕ್ಷಿಪಣಿಗಳನ್ನ ಒಂದೊಂದಾಗಿ ಎಣಿಸಿದ ಆಫೀಸಿನಲ್ಲಿ ಸ್ವಂತ ದುಡ್ಡು ಎಣಿಸೋರು ಇರಲಿಲ್ಲ.

ಹಾಗಂತ ಗುಟ್ಟೇ ತಪ್ಪು ಅಂತ ನಾನು ಹೇಳ್ತಿಲ್ಲ. 1960ರಲ್ಲಿ ಕರೋನಾ ವಿಷಯ ಬಯಲಾಗಿದ್ರೆ ಆ ಎಣಿಕೆ ಮುಂದುವರಿಯೋದೇ ಕಷ್ಟ ಇತ್ತು. ಆದ್ರೆ ಏನನ್ನ ನೋಡ್ತಿದ್ದೀವಿ ಅನ್ನೋದು ಗುಟ್ಟಾಗಿರಬೇಕಾದ್ರೂ, ಎಷ್ಟು ಖರ್ಚಾಯ್ತು ಅಂತ ಕೇಳೋ ಹಕ್ಕಿರೋರು ಒಳಗಡೆ ಯಾರಾದ್ರೂ ಇರಲೇಬೇಕು. ಈಗ ಎಷ್ಟೋ ದೇಶಗಳು ಮೇಲಿಂದ ನೋಡ್ತಿವೆ. ಪ್ರತಿಯೊಂದರಲ್ಲೂ ಇಂಥ ಒಂದು ಕುರ್ಚಿ ಇರುತ್ತೆ. ಆ ಕುರ್ಚಿ ಎದುರು ಕೂತು ಲೆಕ್ಕ ಕೇಳೋರು ಯಾರು ಅನ್ನೋದು ಅಲ್ಲಿನ ಜನ ಕೇಳಬೇಕಾದ ಪ್ರಶ್ನೆ.

ಕೊನೆಗೊಂದು ಮಾತು. ಕರೋನಾ ಯೋಜನೆ 1972ರಲ್ಲಿ ಮುಗೀತು. 1995ರಲ್ಲಿ ಕ್ಲಿಂಟನ್ ಸರ್ಕಾರ 8 ಲಕ್ಷಕ್ಕೂ ಹೆಚ್ಚು ಫೋಟೊಗಳನ್ನ ಬಿಡುಗಡೆ ಮಾಡಿತು. ಅಮೆರಿಕದ ಜಿಯಾಲಾಜಿಕಲ್ ಸರ್ವೆಯ ಅರ್ಥ್ ಎಕ್ಸ್‌ಪ್ಲೋರರ್ ಸೈಟ್‌ನಲ್ಲಿ ಹುಡುಕಿ ನೋಡಿ. ಒಂದು ಕಾಲದ ಪರಮ ರಹಸ್ಯ, ಈಗ ನಿಮ್ಮ ಮೊಬೈಲ್‌ನಲ್ಲಿ.

ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.